ಎರಡನೇ ಗೋಲ್‌ಕೀಪರ್

ಹಲೋ… ಯಾರ್ರೀ ಮಾತಾಡ್ತಿರೋದು?… ಹಾಂ? ಸ್ವಲ್ಪ ಜೋರಾಗಿ ಹೇಳ್ರೀ, ನಿಮ್ಮ ಕಡೆ ಬರೀ ಬಸ್ಸಿನ ಸದ್ದೇ ಕೇಳ್ತಿದೆ…

ಹೌದು, ಭೀಮಣ್ಣ ಅವರ ನಂಬರೇ. ಅವ್ರು ಮನೇಲಿಲ್ಲ, ಗ್ರೌಂಡಿಗೆ ಹೋಗಿದಾರೆ. ಗ್ರೌಂಡಿಗೆ ಹೋಗುವಾಗ ಫೋನು ಒಯ್ಯಲ್ಲ, ಫ್ರಿಜ್ಜಿನ ಮೇಲೆ ಇಟ್ಟು ಹೋಗ್ತಾರೆ. ನಾನು ಅವ್ರ ಹೆಂಡ್ತಿ, ಶಶಿರೇಖಾ. ತಾವ್ಯಾರು?…

ಕೊಟ್ರೇಶ್… ಶಿಕಾರಿಪುರದ ಕೊಟ್ರೇಶ್… ಪಾತ್ರೆ ಅಂಗಡಿ ಕೊಟ್ರೇಶ್ ಅವ್ರಾ? ಅಯ್ಯೋ, ನಮ್ಮ ಚೈತ್ರಶ್ರೀ ತಂದೆ! ಮೊದಲೇ ಹೇಳ್ಬಾರ್ದಾ ಮಾರಾಯ್ರೆ! ಚೆನ್ನಾಗಿದೀರಾ? ಮನೇಲಿ ಅಕ್ಕನಾಗಮ್ಮ ಅವ್ರು ಹೇಗಿ…

ಹಾಂ… ಹಾಂ… ಇಲ್ಲ, ಕಟ್ ಮಾಡಲ್ಲ. ಬೈರಿ, ಪರವಾಗಿಲ್ಲ. ಒಗೆದ ಜರ್ಸಿ ಮಡಚ್ತಾ ಕೂತಿದೀನಿ, ಕೈಗೆ ಕೆಲಸ ಇದೆ, ಕಿವಿಗೆ ಇಲ್ಲ. ಬೈರಿ…

ಬ್ಯಾಂಕ್ ಕೋಚಿಂಗಾ?… ಶನಿವಾರ, ಭಾನುವಾರ ಸೊರಬದಲ್ಲಿ ಬ್ಯಾಂಕ್ ಪರೀಕ್ಷೆಗೆ ಕೋಚಿಂಗ್ ಇದೆ ಅಂದಿದ್ಲಾ ನಿಮ್ಮ ಹತ್ರ? ಅಯ್ಯೋ ದೇವ್ರೇ… ನಗ್ತಿಲ್ಲ ಕಣ್ರೀ. ಇಲ್ಲ, ನಗ್ತಿಲ್ಲ. ಅಲ್ಲ, ಕೋಚಿಂಗ್ ಅಂದಿದ್ದು ಸುಳ್ಳಲ್ಲ, ನಮ್ಮನೆಯವ್ರು ಫುಟ್‌ಬಾಲ್ ಕೋಚೇ ಅಲ್ವಾ…

ಸರಿ ಸರಿ, ತಮಾಷೆ ಬೇಡ. ನಮ್ಮ ಹತ್ರ 'ಅಮ್ಮ ಒಪ್ಪಿದಾರೆ' ಅಂದಿದ್ಲು. ಅದು ನಿಜ ತಾನೇ?… ಹಾಂ, ನೋಡಿ. ಅಪ್ಪನ ಸುದ್ದಿ ಅವಳು ಹೇಳ್ಲಿಲ್ಲ, ನಾವು ಕೇಳ್ಲಿಲ್ಲ. ಕೇಳ್ಬೇಕಿತ್ತು, ಅದನ್ನ ಒಪ್ಕೊಳ್ತೀನಿ…

ನಿಮಗೆ ಯಾವಾಗ ಗೊತ್ತಾಯ್ತು?… ಇವತ್ತು ಮಧ್ಯಾಹ್ನ? ಊಟಕ್ಕೆ ಕೂತಾಗ ಮನೆಯವ್ರೇ ಹೇಳಿದ್ರಾ, ಮಗಳು ಭೂತಾನಿಗೆ ಫುಟ್‌ಬಾಲ್ ಆಡೋಕೆ ಹೋಗ್ತಾಳಂತೆ ಅಂತ?… ಹಾಗೇ ಕೈ ತೊಳೆದು ಎದ್ದು ಬಂದ್ರಾ? ಛೆ, ಬಡಿಸಿದ ಅನ್ನದ ಮೇಲೆ ಯಾಕ್ರೀ ಸಿಟ್ಟು? ಅನ್ನ ಏನು ಮಾಡಿತ್ತು ನಿಮಗೆ…

ಈಗ ಎಲ್ಲಿದೀರಿ?… ಶಿರಾಳಕೊಪ್ಪ ದಾಟಿದ್ರಾ. ಬಂದು ಏನು ಮಾಡ್ತೀರಿ?… ಮಗಳನ್ನ ಕರ್ಕೊಂಡು ಹೋಗ್ತೀರಿ. ಸರಿ. ಇವ್ರನ್ನ?… ನಾಲ್ಕು ಮಾತು ಕೇಳ್ತೀರಿ. ಕೇಳ್ರೀ, ಕೇಳ್ಲೇಬೇಕು. ಆದ್ರೆ ಒಂದು ಹೇಳ್ತೀನಿ, ಇವ್ರನ್ನ ಕೇಳಿದ್ರೆ ಏನೂ ಹುಟ್ಟಲ್ಲ. ನೀವು ಹತ್ತು ಮಾತಾಡಿದ್ರೆ ಇವ್ರು ಒಂದು 'ಹೂಂ' ಅಂತಾರೆ. ನನ್ನನ್ನ ಕೇಳಿ. ಇವ್ರ ಕಥೆ ಇವ್ರಿಗಿಂತ ನಂಗೇ ಚೆನ್ನಾಗಿ ಗೊತ್ತು…

ಯಾವ ಊರಿನೋನು ಅಂದ್ರೆ? ಗುಡವಿಯವ್ರು ಕಣ್ರೀ. ಹೌದು, ಕೆರೆಗೆ ಹಕ್ಕಿ ಬರ್ತಾವಲ್ಲ, ಅದೇ ಗುಡವಿ. ಊರವ್ರು ಇವ್ರಿಗೂ ಹಕ್ಕಿ ಅಂತಲೇ ಅಡ್ಡಹೆಸರಿಟ್ಟಿದ್ರು. ಎಲ್ಲಿಂದಲೋ ಬರೋದು, ನಾಲ್ಕು ದಿನ ಇರೋದು, ಮತ್ತೆ ಹಾರೋದು…

ಫುಟ್‌ಬಾಲ್ ಕಲ್ತಿದ್ದು ಭದ್ರಾವತೀಲಿ. ಚಿಕ್ಕಪ್ಪ ಅಲ್ಲಿ ಕಾರ್ಖಾನೇಲಿದ್ರು, ಓದೋಕೆ ಅಂತ ಅಲ್ಲಿ ಬಿಟ್ಟಿದ್ರು. ಕಾಲೋನಿ ಹುಡುಗ್ರಿಗೆ ಗೋಲಲ್ಲಿ ನಿಲ್ಲೋಕೆ ಯಾರೂ ಇರ್ಲಿಲ್ವಂತೆ. 'ಏ ಗುಡವಿ, ಉದ್ದ ಇದೀಯ, ಬಾ ನಿಲ್ಲು' ಅಂದ್ರಂತೆ. ನಿಂತ್ರು. ಆಮೇಲೆ ನಿಂತೇಬಿಟ್ರು…

ಎಲ್ಲೆಲ್ಲಿ ಆಡಿದ್ರು ಅಂತ? ಬೆಂಗಳೂರು, ಗೋವಾ, ಕೋಲ್ಕತ್ತಾದಲ್ಲಿ ಒಂದು ಸಣ್ಣ ಕ್ಲಬ್ಬು. ಕೇರಳದಲ್ಲಿ ಗದ್ದೆ ಕೊಯ್ಲು ಮುಗಿದ ಮೇಲೆ ಲೈಟ್ ಹಾಕಿ ಏಳೇಳು ಜನ ಆಡ್ತಾರಂತೆ, ಅಲ್ಲಂತೂ ಇವತ್ತು ಈ ಊರಿನ ಕಡೆ, ನಾಳೆ ಆ ಊರಿನ ಕಡೆ. ನಮ್ಮಲ್ಲಿ ಯಕ್ಷಗಾನ ಮೇಳದವ್ರು ತಿರುಗ್ತಾರಲ್ಲ, ಹಾಗೆ. ಆಮೇಲೆ ಮಾಲ್ಡೀವ್ಸು, ಭೂತಾನು. ಮೊಣಕಾಲು ಹೋದ ಮೇಲೆ ಲಾವೋಸ್ ಅನ್ನೋ ದೇಶದಲ್ಲಿ ಹುಡುಗ್ರಿಗೆ ಕಲಿಸೋ ಕೆಲಸ, ಈಗ ಇಲ್ಲೇ ಸೊರಬದಲ್ಲಿ ಹುಡುಗೀರಿಗೆ…

ದೊಡ್ಡ ಆಟಗಾರನಾ? ಇಲ್ಲಪ್ಪ. ಸುಳ್ಳು ಯಾಕೆ ಹೇಳ್ಲಿ. ಇವ್ರ ಹೆಸರು ಪೇಪರಲ್ಲಿ ಬಂದಿದ್ದು ಒಂದೇ ಸಲ, ಅದೂ 'ಭೀಮಯ್ಯ' ಅಂತ. ಹೋದಲ್ಲೆಲ್ಲ ಎರಡನೇ ಗೋಲ್‌ಕೀಪರ್ರು… ಅಂದ್ರೆ, ಮೊದಲನೆಯೋನಿಗೆ ಜ್ವರ ಬಂದ್ರೆ, ಪೆಟ್ಟು ಬಿದ್ರೆ, ಇವ್ರು ಇಳೀಬೇಕು. ಇಲ್ದಿದ್ರೆ ಬೆಂಚಿನ ಮೇಲೆ ಕೂತಿರ್ಬೇಕು…

ಹಾಂ, ಸಂಬಳ ಕೂತಿದ್ದಕ್ಕೂ ಕೊಡ್ತಾರೆ. ನೀವು ನಗ್ತೀರಾ? ನಮ್ಮಜ್ಜ ಗುಡ್ಡಪ್ಪ ನಗ್ಲಿಲ್ಲ ನೋಡಿ. ನನ್ನ ನೋಡೋಕೆ ಬಂದಾಗ ಅಜ್ಜ ಕೇಳಿದ್ರು, 'ಹುಡುಗ ಏನು ಮಾಡ್ತಾನೆ?' 'ಚೆಂಡು ಹಿಡೀತಾನೆ.' 'ಹಿಡಿದು?' 'ಮತ್ತೆ ಎಸೀತಾನೆ.' ಅಜ್ಜ ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡವ್ರು ಅಗೀದೇ ಕೂತುಬಿಟ್ರು…

ಒಪ್ಪಿದ್ದು ಯಾಕೆ ಅಂದ್ರೆ… ಗೊತ್ತಿಲ್ಲ ಕಣ್ರೀ. ಉದ್ದ ಇದ್ರಲ್ಲ, ಅದಕ್ಕೇ ಇರ್ಬೇಕು. ಮದುವೆಯಾಗಿ ಎರಡು ತಿಂಗಳಿಗೆ ಮಾಲ್ಡೀವ್ಸಿಗೆ ಹೋದ್ರು. ನಾನು ಒಂದು ವರ್ಷ ಗುಡವೀಲಿ ಅತ್ತೆ ಜೊತೆ ಇದ್ದೆ. ಆಮೇಲೆ ಅತ್ತೇನೇ ಅಂದ್ರು, 'ಹೋಗೇ ಮಾರಾಯ್ತಿ, ಅವನು ಅಲ್ಲಿ ಏನು ಮಾಡ್ತಾನೆ ಅಂತಾದ್ರೂ ನೋಡ್ಕೊಂಡು ಬಾ.' ನಾನು ಅಲ್ಲಿವರೆಗೆ ಶಿವಮೊಗ್ಗದಿಂದ ಆಚೆ ಹೋದೋಳಲ್ಲ. ವಿಮಾನದಲ್ಲಿ ಕೂತು ಕಣ್ಣು ಮುಚ್ಚಿದೋಳು, ಇಳಿದಾಗ ನೋಡಿದ್ರೆ ಸುತ್ತ ನೀರು…

ಅದೇ ಹೇಳ್ತಿದೀನಿ, ಕೇಳಿ. ಮೊದಲನೇ ಮ್ಯಾಚಿಗೆ ಹೋದೆ. ಹೊಸ ಸೀರೆ ಉಟ್ಟು ಹೋಗಿದ್ದೆ. ಇವ್ರು ಪೂರ್ತಿ ಹೊತ್ತು ಬೆಂಚಿನ ಮೇಲೆ. ಎರಡನೇ ಮ್ಯಾಚೂ ಬೆಂಚು. ಮೂರನೇದಕ್ಕೆ ನಾನು ಹಳೇ ಸೀರೆ ಉಟ್ಟೆ. ಅವತ್ತೇ ನೋಡಿ, ಆ ಮೊದಲನೇ ಗೋಲ್‌ಕೀಪರ್ ಕಂಬಕ್ಕೆ ತಲೆ ಹೊಡ್ಕೊಂಡು ಬಿದ್ದ. ಇವ್ರು ಇಳಿದ್ರು. ಇಳಿದ ಕೂಡ್ಲೇ ಚೆಂಡು ಎರಡು ಕಾಲಿನ ಮಧ್ಯದಿಂದ ಹೋಗಿ ಗೋಲಾಯ್ತು…

ಹೂಂ, ಜನ ಎಲ್ಲಾ ನಕ್ಕರು. ನಾನು ಸೆರಗು ಬಾಯಿಗೆ ಹಿಡ್ಕೊಂಡು ಕೂತಿದ್ದೆ. ಈಗ ಈ ಮನುಷ್ಯ ತಲೆ ತಗ್ಗಿಸಿ ನಿಲ್ತಾರೆ, ಇದನ್ನ ನಾನು ನೋಡ್ಬೇಕು ಅಂತ. ಇಲ್ಲ ಕಣ್ರೀ! ಎದ್ದು ಚಪ್ಪಾಳೆ ತಟ್ಟಿ ಮುಂದೆ ನಿಂತಿದ್ದ ತಮ್ಮ ಕಡೆಯ ನಾಲ್ಕೂ ಜನರಿಗೆ ಕೂಗಿ ಕೂಗಿ ಹೇಳ್ತಿದಾರೆ, ನೀನು ಇಲ್ಲಿ ನಿಲ್ಲು, ನೀನು ಅಲ್ಲಿ ಹೋಗು. ಮನೇಲಿ ಇನ್ನೊಂದು ಸೌಟು ಮಜ್ಜಿಗೆ ಬೇಕು ಅಂತ ಬಾಯ್ಬಿಟ್ಟು ಕೇಳದ ಮನುಷ್ಯ! ಆಮೇಲೆ ಒಂದೂ ಗೋಲು ಬಿಡ್ಲಿಲ್ಲ. ನಂಗೆ ಅವತ್ತು ಅನ್ನಿಸ್ತು, ಇಷ್ಟು ದಿನ ನಾನು ಅರ್ಧ ಮನುಷ್ಯನ ಜೊತೆ ಸಂಸಾರ ಮಾಡಿದೀನಿ ಅಂತ. ಇನ್ನರ್ಧ ಇಲ್ಲಿತ್ತು…

ಹಲೋ? ಹಲೋ… ಹಾಂ, ಈಗ ಕೇಳ್ತಿದೆ. ಆ ಕಾಡಿನ ಹತ್ರ ಸಿಗ್ನಲ್ ಹೋಗುತ್ತೆ. ಏನಂದ್ರಿ?… ಊಟವಾ? ಓ, ಅದು ಕೇಳ್ಬೇಕಾದ ಪ್ರಶ್ನೆ. ನೀವು ಲಿಂಗ ಕಟ್ಟೋರು, ಮೊಟ್ಟೇನೂ ತಿನ್ನಲ್ಲ, ಗೊತ್ತು. ಮಾಲ್ಡೀವ್ಸಾದ್ರೆ ಬೇಡ ಅಂತಿದ್ದೆ, ಅಲ್ಲಿ ಬೆಳಿಗ್ಗೆ ತಿಂಡಿಗೂ ಮೀನು. ಭೂತಾನಲ್ಲಿ ಮೆಣಸಿನಕಾಯೀನೇ ಪಲ್ಯ. ಹಸಿ ಮೆಣಸಿನಕಾಯಿ, ಹಾಲಿನ ಗಿಣ್ಣಿನ ಥರದ್ದೊಂದು ಹಾಕಿ ಕುದಿಸ್ತಾರೆ. ಅನ್ನದ ಜೊತೆ ತಿಂದ್ರೆ ಬ್ಯಾಡಗಿಯವ್ರೂ ನೀರು ಕೇಳ್ಬೇಕು…

ಇರೋದು ಹಾಸ್ಟೆಲಲ್ಲಿ. ಹುಡುಗೀರದ್ದೇ ತಂಡ, ನೋಡ್ಕೊಳ್ಳೋದೂ ಹೆಂಗಸರೇ. ಇವ್ರು ಆಡಿದ ಊರೇ ಅದು. ನಾವು ಬಾಡಿಗೆಗಿದ್ದ ಮನೆ ಅಜ್ಜಿ ಇನ್ನೂ ನನಗೆ ಫೋನ್ ಮಾಡ್ತಾರೆ. ಇಬ್ಬರಿಗೂ ಭಾಷೆ ಗೊತ್ತಿಲ್ಲ, ಇಬ್ಬರೂ ನಗೋದು, ಫೋನ್ ಇಡೋದು. ಚೈತ್ರಶ್ರೀ ಹೆಸರು ಹೇಳಿದೀನಿ ಅವ್ರಿಗೆ. ಬರೀ 'ಶ್ರೀ, ಶ್ರೀ' ಅಂತಾರೆ…

ಲಾವೋಸಲ್ಲಿ ಭಾಷೆ ಏನು ಮಾಡಿದ್ರು ಅಂತ? ಅದೊಂದು ಕಥೆ! ಅಲ್ಲಿನ ಹುಡುಗ್ರಿಗೆ ಇಂಗ್ಲಿಷ್ ಬರಲ್ಲ, ಇವ್ರಿಗೆ ಅವ್ರದ್ದು ಬರಲ್ಲ. ಮೂರು ದಿನ ಕೈ ಸನ್ನೆ ಮಾಡಿದ್ರಂತೆ, ನಾಲ್ಕನೇ ದಿನ ಸಿಟ್ಟು ಬಂದು ಕನ್ನಡದಲ್ಲೇ 'ಬಗ್ಗೋ! ಬಗ್ಗೋ!' ಅಂತ ಕೂಗಿದ್ರಂತೆ. ಹುಡುಗ್ರು ಬಗ್ಗಿದ್ರು! ಇವತ್ತಿಗೂ ಆ ಊರಲ್ಲಿ ಹೋಗಿ ಬಗ್ಗೋ ಅಂದ್ರೆ ಬಗ್ತಾರಂತೆ…

ನಗಿ, ನಗಿ. ಆದ್ರೆ ಒಂದು ಹೇಳ್ತೀನಿ, ಕೊಟ್ರೇಶಣ್ಣ. ಅಣ್ಣ ಅನ್ಬಹುದಲ್ವಾ?… ಬರೀ ನಗೋ ಮಾತು ಹೇಳಿ ನಿಮ್ಮನ್ನ ಒಪ್ಪಿಸ್ತಿದೀನಿ ಅಂತ ಆಗ್ಬಾರ್ದು. ಇವ್ರು ಲಾವೋಸಲ್ಲಿದ್ದಾಗ ನಂಗೆ ಏಳು ತಿಂಗಳು. ನಾನು ಇಲ್ಲೇ ಇದ್ದೆ. ಮಗು ಉಳೀಲಿಲ್ಲ. ಸುದ್ದಿ ಮುಟ್ಟಿ, ರಜೆ ಸಿಕ್ಕಿ, ಮೂರು ವಿಮಾನ ಬದಲಿಸಿ ಇವ್ರು ಬರೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಅಷ್ಟು ದಿನ ಆಸ್ಪತ್ರೇಲಿ ಮಲಗಿ ನಾನು ಆ ಚೆಂಡಿಗೆ ಹಾಕದ ಶಾಪ ಇಲ್ಲ…

ಇಲ್ಲ, ಪರವಾಗಿಲ್ಲ. ಹಳೇದು. ಆಮೇಲೆ ಉದಯ ಹುಟ್ಟಿದ, ಈಗ ಆರನೇ ಕ್ಲಾಸು, ಅವನಿಗೆ ಚೆಂಡು ಅಂದ್ರೆ ಅಲರ್ಜಿ, ಚೆಸ್ ಆಡ್ತಾನೆ. ಹೇಳಿದ್ದು ಯಾಕೆ ಅಂದ್ರೆ, ದೂರ ಅಂದ್ರೆ ದೂರವೇ ಅಣ್ಣಾ. ನಿಮ್ಮ ಮಗಳಿಗೆ ಅಲ್ಲಿ ಜ್ವರ ಬಂದ್ರೆ ನೀವು ಶಿಕಾರಿಪುರದಲ್ಲಿ ಇರ್ತೀರಿ. ಇದನ್ನ ಇವ್ರು ನಿಮಗೆ ಹೇಳ್ತಿರ್ಲಿಲ್ಲ. ನಾನು ಹೇಳ್ಬೇಕು…

ಹಾಗಾದ್ರೂ ಕಳ್ಸಿ ಅಂತೀನಾ? ನಾನು ಕಳ್ಸಿ ಅಂದ್ನಾ? ಅವಳೇ ಹೇಳಿದಾಳೆ, ಅಪ್ಪ ಬೇಡ ಅಂದ್ರೆ ಹೋಗಲ್ಲ ಅಂತ. ಭೂತಾನಿನ ಕ್ಲಬ್ಬಿನವ್ರು ಎರಡು ಸಲ ಕೇಳಿದ್ರು, ಇನ್ನೂ ಹೂಂ ಅಂದಿಲ್ಲ ಅವಳು. ನಿಮ್ಮ ಹತ್ರ ಹೇಳೋಕೆ ಧೈರ್ಯ ಸಾಲದೆ ಅಮ್ಮನ ಕೈಲಿ ಹೇಳ್ಸಿದಾಳೆ…

ಹೌದೌದು, ಹಠಮಾರಿ. ಯಾರ ಹಾಗೆ?… ಅವಳ ಅಮ್ಮನ ಹಾಗಾ? ಅಕ್ಕನಾಗಮ್ಮ ಅವ್ರ ತವರು ಯಾವುದು?… ಈಸೂರಾ! ಅಲ್ರೀ, ಬ್ರಿಟಿಷರಿಗೇ ಜಗ್ಗದ ಊರಿಂದ ಹೆಣ್ಣು ತಂದು, ಮಗಳು ಹಠ ಮಾಡ್ತಾಳೆ ಅಂತೀರಲ್ಲ…

ಗಂಡಿನವ್ರು ನೋಡೋಕೆ ಬರ್ತಾರಾ? ಹಾವೇರಿಯಿಂದ? ಮುಂದಿನ ತಿಂಗಳು… ಬರ್ಲಿ ಬಿಡಿ. 'ಹುಡುಗಿ ಏನು ಮಾಡ್ತಾಳೆ' ಅಂತ ಕೇಳ್ತಾರೆ. ಏನು ಹೇಳ್ತೀರಿ?… ಬ್ಯಾಂಕ್ ಪರೀಕ್ಷೆಗೆ ಓದ್ತಿದಾಳೆ ಅಂತೀರಾ? ಈಗ ಸುಳ್ಳು ಹೇಳೋರು ಯಾರಾದ್ರು ಅಣ್ಣಾ?…

ಹೋಗ್ಲಿ, ಒಂದು ಮಾತು ಕೇಳ್ಲಾ? ಅವಳು ಆಡೋದು ನೀವು ನೋಡಿದೀರಾ?… ಒಂದು ಸಲಾನೂ ಇಲ್ಲ. ಶಾಲೇಲಿ ಥ್ರೋಬಾಲ್?… ಅದೂ ಅಂಗಡಿ ಬಿಟ್ಟು ಹೋಗೋಕಾಗ್ಲಿಲ್ಲ. ಸರಿ. ಅವಳು ಮೊದಲನೇ ದಿನ ಬಂದಾಗ ಇವ್ರು ನಾಲ್ಕು ಚೆಂಡು ಎಸೆದು ನೋಡಿದ್ರು. ನಾಲ್ಕೂ ಹಿಡಿದ್ಲು. ಎದೆಗೆ ಒತ್ತಿಕೊಂಡು, ಸದ್ದೇ ಬರದ ಹಾಗೆ. ಇವ್ರು ಅಪರೂಪಕ್ಕೆ ಬಾಯ್ಬಿಟ್ಟು ಕೇಳಿದ್ರು, 'ಯಾರಮ್ಮ ನಿನಗೆ ಹೀಗೆ ಹಿಡಿಯೋದು ಕಲಿಸಿದ್ದು?' ಅಂತ. ಏನಂದ್ಲು ಗೊತ್ತಾ?…

'ನಮ್ಮಪ್ಪ' ಅಂದ್ಲು…

ಹೌದ್ರೀ, ನೀವೇ. 'ಅಪ್ಪ ಅಟ್ಟದ ಮೇಲಿಂದ ಬಿಂದಿಗೆ, ಕೊಡ, ತಪ್ಪಲೆ ಎಸೀತಾರೆ, ನಾನು ಕೆಳಗೆ ನಿಂತು ಹಿಡೀತೀನಿ. ಒಂದು ನೆಗ್ಗಿದ್ರೂ ಬೈತಾರೆ' ಅಂದ್ಲು. ಎಷ್ಟು ವರ್ಷದವಳಿದ್ದಾಗ ಶುರು ಮಾಡಿದ್ರಿ ಎಸೆಯೋಕೆ?… ಎಂಟಾ! ಅಯ್ಯೋ ಪಾಪಿ ಮನುಷ್ಯ… ತಮಾಷೆಗೆ ಅಂದೆ ಅಣ್ಣಾ. ಇವ್ರು ಅವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳಿದ್ರು, 'ನನಗಿಂತ ಮೊದಲು ಆ ಹುಡುಗಿಗೆ ಒಳ್ಳೇ ಕೋಚ್ ಸಿಕ್ಕಿದಾರೆ' ಅಂತ. ಅಷ್ಟುದ್ದ ಮಾತು ಅವ್ರು ನನ್ನ ಹತ್ರಾನೂ ಆಡಲ್ಲ…

ಸರಿ, ಎಲ್ಲಿ ಬಂತು ಬಸ್ಸು?… ಬಸ್ ಸ್ಟ್ಯಾಂಡ್ ತನಕ ಬರ್ಬೇಡಿ. ಕಾಲೇಜ್ ಹತ್ರ ಇಳಿಸಿ ಅನ್ನಿ ಕಂಡಕ್ಟರಿಗೆ… ಹೂಂ, ಇಳೀರಿ. ನಿಧಾನ. ಫೋನು ಹಿಡ್ಕೊಂಡು ಇಳೀಬೇಡಿ, ಜೇಬಿಗೆ ಹಾಕ್ಕೊಂಡು ಇಳೀರಿ…

ಇಳಿದ್ರಾ? ಗೇಟಿನ ಪಕ್ಕ ಕಾಂಪೌಂಡ್ ಕುಸಿದ ಜಾಗ ಇದೆ, ಅಲ್ಲಿಂದ ಪೂರ್ತಿ ಗ್ರೌಂಡ್ ಕಾಣುತ್ತೆ. ಒಳಗೆ ಹೋಗೋಕೆ ಮೊದಲು ಅಲ್ಲೇ ಐದು ನಿಮಿಷ ನಿಲ್ಲಿ. ನನಗೋಸ್ಕರ. ಆಮೇಲೆ ಕರ್ಕೊಂಡು ಹೋಗಿ, ನಾನು ಅಡ್ಡ ಬರಲ್ಲ…

ಕಂಡ್ಲಾ?… ಆಚೆ ಗೋಲಲ್ಲಿ, ಹಸಿರು ಜರ್ಸಿ… ಹೌದು, ಹುಡುಗ್ರ ಜೊತೆ. ಆನವಟ್ಟಿ ಹುಡುಗ್ರು, ಇವತ್ತು ಅವ್ರ ಜೊತೆ ಮ್ಯಾಚು. ಹುಡುಗೀರ ಹತ್ರ ಅಷ್ಟು ಜೋರಾಗಿ ಒದೆಯೋರು ಇಲ್ಲ ಅಂತ ಇವ್ರೇ ಕರ್ಸಿದಾರೆ…

ಏನಾಯ್ತು?… ಬಿದ್ಲಾ? ಯಾರು, ಹುಡುಗ ಬಿದ್ನಾ, ಅವಳು ಬಿದ್ಲಾ?… ಇಬ್ಬರೂ. ಒಳಗೆ ಓಡ್ಬೇಡಿ! ನಿಲ್ಲಿ, ಅವಳೇ ಏಳ್ತಾಳೆ… ಎದ್ಲಾ? ನೋಡಿ. ಸೀಟಿ ನನಗೂ ಕೇಳ್ತು. ಏನು ಕೊಟ್ರು?… ಚೆಂಡು ಗೋಲಿನ ಎದುರಿಗೆ ಇಟ್ರಾ? ಹಾಗಾದ್ರೆ ಪೆನಾಲ್ಟಿ. ಒಬ್ಬ ಬಂದು ಒದೀತಾನೆ, ತಡೆಯೋಕೆ ಅವಳೊಬ್ಬಳೇ…

ಮುಟ್ಲಿಲ್ವಾ ಅವಳು? ಚೆಂಡೇ ಹಿಡಿದಿದ್ದಾ? ನೀವು ಸರಿಯಾಗಿ ನೋಡಿದ್ರಾ?… ಯಾರಿಗ್ರೀ ಕೂಗ್ತಿರೋದು? ಸೀಟಿ ಊದಿದೋನಿಗಾ? ಅಣ್ಣಾ, ಅದು ನಮ್ಮನೆಯವ್ರು ಕಣ್ರೀ! ಅವ್ರೇ ಭೀಮಣ್ಣ!… ಕುರುಡ ಅನ್ಬೇಡಿ… ಅಂದೇಬಿಟ್ರಾ? ಹೋಗ್ಲಿ, ಅನ್ನಿ. ನಾನೂ ಎಷ್ಟೋ ಸಲ ಅಂದಿದೀನಿ…

ಒದೀತಿದಾನಾ?… ಹಾಂ… ಹಾಂ… ಏನಾಯ್ತು ಹೇಳ್ರೀ! ಅಣ್ಣಾ!… ತಡೆದ್ಲಾ! ಬೆರಳ ತುದೀಲಾ? ಕಂಬಕ್ಕೆ ಹೊಡೆದು… ಆಮೇಲೆ?… ಅಯ್ಯೋ. ಇನ್ನೊಬ್ಬ ಬಂದು ಒದ್ದುಬಿಟ್ನಾ. ಗೋಲು…

ಇಲ್ಲ ಅಣ್ಣಾ, ಮೊದಲು ತಡೆದಿದ್ದು ಲೆಕ್ಕಕ್ಕಿಲ್ಲ. ಒಂದು ಸಲ ತಡೆದ್ರೆ ಮುಗೀಲಿಲ್ಲ ಅದು… ಅನ್ಯಾಯವೇ. ಏನು ಮಾಡೋದು, ಆಟ ಹಾಗೇ ಇದೆ… ಅವಳೇನು ಮಾಡ್ತಿದಾಳೆ?… ಚೆಂಡು ಎತ್ಕೊಂಡು ಬಂದು ಕೊಟ್ಲಾ. ನಿಮ್ಮನ್ನ ನೋಡಿದ್ಲಾ?… ನೋಡಿದ್ಲು. ಮತ್ತೆ?… ನೋಡಿ, ಹೋಗಿ ಮತ್ತೆ ಗೋಲಲ್ಲಿ ನಿಂತ್ಲಾ…

ಅಣ್ಣಾ?… ಹೇಳಿ, ಕೇಳ್ತಿದೀನಿ…

ಗ್ಲೌಸಾ? ಯಾರ ಗ್ಲೌಸು?… ಅವಳದ್ದಾ, ಬಲಗೈದು? ಹೌದು, ಹೆಬ್ಬೆರಳ ಹತ್ರ ಹರಿದಿದೆ, ಟೇಪ್ ಸುತ್ತಿದೆ. ಅಷ್ಟು ದೂರದಿಂದ ಕಾಣ್ತಾ ನಿಮಗೆ?… ಹಳೇದು, ಇವ್ರದ್ದೇ… ಹೊಸದು ಇಲ್ಲಿ ಸಿಗಲ್ಲ, ಶಿವಮೊಗ್ಗದಲ್ಲೂ ಒಳ್ಳೇದು ಸಿಗಲ್ಲ, ಬೆಂಗಳೂರಿಂದ ತರಿಸ್ಬೇಕು…

ಹೋಗೋದ್ರೊಳಗೆ ತರಿಸ್ಬೇಕಾ? ಎಲ್ಲಿಗೆ ಹೋಗೋದ್ರೊಳಗೆ, ಕೊಟ್ರೇಶಣ್ಣಾ?… ಬಾಯ್ಬಿಟ್ಟು ಹೇಳ್ರೀ, ನಾನೂ ಒಂದು ಸಲ ಕೇಳ್ಬೇಕು…

ಹಾಂ. ಕೇಳಿಸ್ತು. ಕೇಳಿಸ್ತು ಅಣ್ಣಾ…

ಇಲ್ಲ, ನಂದೇನಿಲ್ಲ, ಮೂಗು ಕಟ್ಟಿದೆ ಅಷ್ಟೆ… ಸೈಜಾ? ನಂಗೇನು ಗೊತ್ತು ಅವಳ ಕೈ ಸೈಜು? ಎಂಟೋ ಒಂಬತ್ತೋ… ಅಲ್ಲೇ ಎದುರಿಗೇ ಇದಾಳಲ್ಲ ಮಾರಾಯ್ರೆ, ಮ್ಯಾಚ್ ಮುಗಿದ ಕೂಡ್ಲೇ ಹೋಗಿ, ನೀವೇ ಅವಳ ಕೈ ಹಿಡಿದು… ಹಲೋ?… ಹಲೋ…